ನಮ್ಮ ಶಾಲೆಯ ಜೀವಶಾಸ್ತ್ರ ಬಳಗ: ಏಕೆ ಬೇಕು, ಹೇಗೆ ನಡೆಸಬೇಕು?



ಈ ಸಲದ ಭಿತ್ತಿಪತ್ರಿಕೆಗೆ ಕಥೆ, ಒಗಟು, ಚುಟುಕ ಬೇಕಾದಷ್ಟು ಬಂದಿವೆ. ಪಾಠದ ಲೇಖನ ಮಾತ್ರ ಒಂದೂ ಇಲ್ಲ ಅಂತ ವಿಜ್ಞಾನದ ಮೇಡಂ ಹೇಳಿದರು. ಆದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ. ಏಳನೇ ತರಗತಿಯ ನಾವು ಎಂಟು ಮಂದಿ ಸೇರಿ ಈ ವರ್ಷ ಒಂದು ಜೀವಶಾಸ್ತ್ರ ಬಳಗ ಶುರು ಮಾಡಿದ್ದೇವೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೊತ್ತು ಹೊಂಗೆ ಮರದ ಕೆಳಗೆ ಕೂರುತ್ತೇವೆ. ಗಿಡ, ಪ್ರಾಣಿ, ನಮ್ಮ ದೇಹ, ಅದರಲ್ಲೂ ಮುಖ್ಯವಾಗಿ ಅನುವಂಶೀಯತೆ, ಇವುಗಳ ಬಗ್ಗೆ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತೇವೆ.

ಅನುವಂಶೀಯತೆ ಅಂದ್ರೆ ತಂದೆ ತಾಯಿಯ ಗುಣಗಳು ಮಕ್ಕಳಿಗೆ ಬರುವುದು. ಅದನ್ನು ತಿಳಿಸುವ ಶಾಸ್ತ್ರಕ್ಕೆ ತಳಿಶಾಸ್ತ್ರ ಅಂತ ಹೆಸರು.

ಬಳಗ ಏಕೆ ಬೇಕು?

"ಇದು ಹತ್ತನೇ ಕ್ಲಾಸಿನ ಪಾಠ ಕಣ್ರೇ, ಈಗಲೇ ನಿಮಗ್ಯಾಕೆ?" ಅಂತ ಕೆಲವರು ಕೇಳಿದರು. ಅದಕ್ಕೆ ನಮ್ಮ ಉತ್ತರ ಮೂರು.

ಒಂದನೆಯದು, ಈ ಪಾಠ ನಮ್ಮ ಮನೆಯಲ್ಲೇ ಇದೆ. ಬಿತ್ತನೆಗೆ ರಾಗಿ ತೆಗೆದಿಡುವಾಗ ಒಳ್ಳೇ ತೆನೆ ನೋಡಿ ಆರಿಸುತ್ತಾರೆ. ಹಸುವಿಗೆ ಯಾವ ಹೋರಿ ಕೊಡಿಸಬೇಕು ಅಂತ ಮಾತಾಡುತ್ತಾರೆ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಅಂತ ಗಾದೆ ಹೇಳುತ್ತಾರೆ. ಹಾಗಾದರೆ ಮಗಳು ತಂದೆಯಂತೆ ಇರಲ್ವಾ? ಇದನ್ನು ಕೇಳಿದರೆ ಉತ್ತರ ಗೊತ್ತಿರಬೇಕಲ್ಲ.

ಎರಡನೆಯದು, ನಮ್ಮೂರಲ್ಲಿ ಎಲ್ಲರೂ ಹತ್ತನೇ ತರಗತಿವರೆಗೆ ಓದಲ್ಲ. ನಮಗಿಂತ ಮುಂದೆ ಇದ್ದ ಕೆಲವು ಅಕ್ಕಂದಿರು ಮಧ್ಯದಲ್ಲೇ ಶಾಲೆ ಬಿಟ್ಟರು. ಆ ಪಾಠ ಅವರಿಗೆ ಸಿಗಲೇ ಇಲ್ಲ.

ಮೂರನೆಯದು, ತಪ್ಪು ತಿಳುವಳಿಕೆಯಿಂದ ಮನುಷ್ಯರಿಗೆ ನೋವಾಗುತ್ತದೆ. ಇದನ್ನು ಮುಂದೆ ಎರಡನೇ ಪಾಠದಲ್ಲಿ ಹೇಳುತ್ತೇನೆ.

ನಾವು ಇದುವರೆಗೆ ಮಾಡಿದ ಪಾಠಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ. ಓದಿದ ಮೇಲೆ ನೀವೂ ಬೇರೆಯವರಿಗೆ ಹೇಳಿಕೊಡಬಹುದು.

ಮೊದಲನೇ ಪಾಠ: ಬಟಾಣಿ ಎಣಿಸಿದ ಮೆಂಡೆಲ್

ಗ್ರೆಗರ್ ಮೆಂಡೆಲ್ 1822ರಲ್ಲಿ ಒಬ್ಬ ರೈತನ ಮನೆಯಲ್ಲಿ ಹುಟ್ಟಿದರು. ಅವರ ಊರು ಈಗಿನ ಚೆಕ್ ದೇಶದಲ್ಲಿದೆ. ಓದಲು ದುಡ್ಡಿಗೆ ಕಷ್ಟ. ಬ್ರನೋ ಎಂಬ ಪಟ್ಟಣದ ಕ್ರೈಸ್ತ ಮಠ ಸೇರಿ ಸನ್ಯಾಸಿಯಾದರು. ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. ಆದರೆ ಕಾಯಂ ಮೇಷ್ಟ್ರಾಗಲು ಬರೆಯಬೇಕಾದ ಪರೀಕ್ಷೆಯಲ್ಲಿ 1850ರಲ್ಲಿ ಅವರು ಪಾಸಾಗಲಿಲ್ಲ! ಇದನ್ನು ಕೇಳಿ ನಮ್ಮ ಬಳಗದಲ್ಲಿ ಎಲ್ಲರಿಗೂ ಧೈರ್ಯ ಬಂತು.

1856ರಿಂದ 1863ರವರೆಗೆ ಅವರು ಮಠದ ತೋಟದಲ್ಲಿ ಬಟಾಣಿ ಬೆಳೆದರು. ಬೀಜ ಗುಂಡಗಿದೆಯೋ ಸುಕ್ಕಾಗಿದೆಯೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ, ಹೀಗೆ 7 ಗುಣಗಳನ್ನು ಆರಿಸಿಕೊಂಡರು. ಬಟಾಣಿ ಹೂವಿನಲ್ಲಿ ಅದರದೇ ಪರಾಗ ಅದಕ್ಕೇ ಬೀಳುತ್ತದೆ. ಆದ್ದರಿಂದ ಮೊಗ್ಗು ಇರುವಾಗಲೇ ಬಿಡಿಸಿ ಕೇಸರಗಳನ್ನು ತೆಗೆದುಹಾಕಿ, ಬೇರೆ ಗಿಡದ ಪರಾಗ ತಂದು ಹಚ್ಚಿ, ಹೂವಿಗೆ ಚೀಲ ಕಟ್ಟುತ್ತಿದ್ದರು.

ಗುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಕೂಡಿಸಿದಾಗ ಬಂದ ಬೀಜಗಳೆಲ್ಲ ಗುಂಡು. ಸುಕ್ಕು ಎಲ್ಲಿ ಹೋಯಿತು? ಆ ಬೀಜಗಳನ್ನೇ ಬಿತ್ತಿ ತಮ್ಮಷ್ಟಕ್ಕೆ ತಾವೇ ಕಾಯಿ ಕಟ್ಟಲು ಬಿಟ್ಟರು. ಈ ಸಲ 7,324 ಬೀಜ ಸಿಕ್ಕವು. ಅದರಲ್ಲಿ 5,474 ಗುಂಡು, 1,850 ಸುಕ್ಕು. ಭಾಗಿಸಿ ನೋಡಿ. ಹೆಚ್ಚು ಕಡಿಮೆ ಮೂರಕ್ಕೆ ಒಂದು. ಅಂದರೆ ಸುಕ್ಕು ಗುಣ ಸತ್ತಿರಲಿಲ್ಲ, ಅಡಗಿತ್ತು ಅಷ್ಟೆ.

ಹೀಗೇಕೆ ಆಗುತ್ತದೆ? ನಾವು ಇದನ್ನು ಚೀಟಿ ಎತ್ತಿ ಕಲಿತೆವು. ಪ್ರತಿ ಗಿಡದಲ್ಲೂ ಒಂದು ಗುಣಕ್ಕೆ ಎರಡು ಚೀಟಿ ಇರುತ್ತವೆ ಅಂದುಕೊಳ್ಳಿ. ಒಂದು ತಂದೆ ಕಡೆಯದು, ಒಂದು ತಾಯಿ ಕಡೆಯದು. ಈ ಚೀಟಿಯನ್ನೇ ವಿಜ್ಞಾನದಲ್ಲಿ ವಂಶವಾಹಿ ಅನ್ನುತ್ತಾರೆ. ಗುಂಡಿಗೆ "ಗು", ಸುಕ್ಕಿಗೆ "ಸು" ಅಂತ ಬರೆಯಿರಿ. ಇಬ್ಬರು ಮಕ್ಕಳ ಕೈಯಲ್ಲೂ ಒಂದು "ಗು", ಒಂದು "ಸು" ಚೀಟಿ ಇರಲಿ. ಕಣ್ಣು ಮುಚ್ಚಿ ಇಬ್ಬರ ಕೈಯಿಂದಲೂ ಒಂದೊಂದು ಎತ್ತಿದರೆ ನಾಲ್ಕು ರೀತಿ ಬರಬಹುದು:

ಗು + ಗು = ಗುಂಡು
ಗು + ಸು = ಗುಂಡು
ಸು + ಗು = ಗುಂಡು
ಸು + ಸು = ಸುಕ್ಕು

"ಗು" ಒಂದಿದ್ದರೂ ಸಾಕು, ಬೀಜ ಗುಂಡಗಾಗುತ್ತದೆ. ಇದು ಪ್ರಬಲ ಗುಣ. "ಸು" ಎರಡಿದ್ದರೆ ಮಾತ್ರ ಸುಕ್ಕು ಕಾಣುತ್ತದೆ. ಇದು ದುರ್ಬಲ ಗುಣ. ದುರ್ಬಲ ಅಂದ್ರೆ ಕೆಟ್ಟದ್ದು ಅಂತ ಅಲ್ಲ, ಇನ್ನೊಂದರ ಹಿಂದೆ ಅಡಗುತ್ತದೆ ಅಂತ ಅರ್ಥ. ಅಜ್ಜನ ಗುಣ ಮಗನಲ್ಲಿ ಕಾಣದೆ ಮೊಮ್ಮಗನಲ್ಲಿ ಕಾಣಿಸುವುದುಂಟಲ್ಲ, ಅದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಷಯ. ಮೆಂಡೆಲ್ ತಮ್ಮ ಲೆಕ್ಕವನ್ನು 1865ರಲ್ಲಿ ಮೊದಲು ಓದಿದ್ದು ಎಲ್ಲಿ ಗೊತ್ತಾ? ದೊಡ್ಡ ರಾಜಧಾನಿಯಲ್ಲಿ ಅಲ್ಲ. ಅವರ ಪಟ್ಟಣದವರೇ ಕಟ್ಟಿಕೊಂಡಿದ್ದ ನಿಸರ್ಗ ವಿಜ್ಞಾನ ಸಂಘದ ಸಭೆಯಲ್ಲಿ. ಮುಂದಿನ ವರ್ಷ ಆ ಸಂಘವೇ ಅದನ್ನು ಅಚ್ಚು ಹಾಕಿಸಿತು. ಆಗ ಅದರ ಮಹತ್ವ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಮೆಂಡೆಲ್ 1884ರಲ್ಲಿ ತೀರಿಕೊಂಡರು. 1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್ ಮೊದಲಾದವರು ತಾವೂ ಅದೇ ನಿಯಮ ಕಂಡು, ಹಳೇ ಪುಟಗಳನ್ನು ತೆಗೆದು ನೋಡಿದಾಗ ಮೆಂಡೆಲ್ ಹೆಸರು ಪ್ರಪಂಚಕ್ಕೆ ಗೊತ್ತಾಯಿತು. ಊರಿನ ಸಣ್ಣ ಸಂಘ ಬರೆದಿಟ್ಟಿದ್ದಕ್ಕೇ ಅದು ಉಳಿಯಿತು. ಆದ್ದರಿಂದ ನಮ್ಮ ಬಳಗದಲ್ಲೂ ಪ್ರತಿ ಶನಿವಾರದ ಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ.

ಎರಡನೇ ಪಾಠ: ಹೆಣ್ಣೋ ಗಂಡೋ, ಯಾರಿಂದ?

ನಮ್ಮ ಚಿಕ್ಕಮ್ಮನಿಗೆ ಮೂರೂ ಹೆಣ್ಣುಮಕ್ಕಳು. ಮೂರನೇ ಪಾಪು ಹುಟ್ಟಿದಾಗ ನೋಡಲು ಬಂದವರು ಮಗುವನ್ನು ಎತ್ತಿಕೊಳ್ಳುವ ಮುಂಚೆಯೇ "ಅಯ್ಯೋ, ಇದೂ ಹೆಣ್ಣಾ?" ಅಂದರು. "ಅವಳ ಹೊಟ್ಟೇನೇ ಹಂಗೆ" ಅಂತಲೂ ಒಬ್ಬರು ಅಂದರು. ಚಿಕ್ಕಮ್ಮ ಗೋಡೆ ಕಡೆ ತಿರುಗಿ ಮಲಗಿಕೊಂಡರು. ನಾನು ಇದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಮಗಳೇ, ಓದೋರು ಓದ್ಲಿ" ಅಂದರು.

ಈಗ ವಿಜ್ಞಾನ ಏನು ಹೇಳುತ್ತದೆ ನೋಡೋಣ. ನಮ್ಮ ದೇಹದ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿವೆ. ಅಂದರೆ 23 ಜೊತೆ. ಈ ದಾರಗಳಲ್ಲಿ ವಂಶವಾಹಿಗಳು ಇರುತ್ತವೆ. ಪ್ರತಿ ಜೊತೆಯಲ್ಲೂ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಮಗಳು ತಾಯಿಯಂತೆಯೂ ಹೌದು, ತಂದೆಯಂತೆಯೂ ಹೌದು ಅನ್ನುವುದಕ್ಕೆ ಇದೇ ಆಧಾರ. ಗಾದೆ ಅರ್ಧ ಹೇಳಿತು, ಉಳಿದ ಅರ್ಧ ನಾವು ಸೇರಿಸಬೇಕು.

23ನೇ ಜೊತೆ ಮಾತ್ರ ವಿಶೇಷ. ಹೆಂಗಸರಲ್ಲಿ ಅದು ಎಕ್ಸ್ ಮತ್ತು ಎಕ್ಸ್. ಗಂಡಸರಲ್ಲಿ ಎಕ್ಸ್ ಮತ್ತು ವೈ. ತಾಯಿಯ ಹತ್ತಿರ ವೈ ಇಲ್ಲವೇ ಇಲ್ಲ. ಆದ್ದರಿಂದ ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್, ಇನ್ನರ್ಧಕ್ಕೆ ವೈ. ಎಕ್ಸ್ ಇರುವುದು ಸೇರಿದರೆ ಹೆಣ್ಣು, ವೈ ಇರುವುದು ಸೇರಿದರೆ ಗಂಡು. ಇಲ್ಲದ ವೈ ಅನ್ನು ತಾಯಿ ಎಲ್ಲಿಂದ ತಂದು ಕೊಡಬೇಕು ಹೇಳಿ!

ಇದನ್ನು ಮೊದಲು ಕಂಡವರಲ್ಲಿ ಒಬ್ಬರು ಅಮೆರಿಕದ ಮಹಿಳೆ, ನೆಟಿ ಸ್ಟೀವನ್ಸ್. 1905ರಲ್ಲಿ ಅವರು ಹಿಟ್ಟಿನಲ್ಲಿ ಬೀಳುವ ಒಂದು ಜಾತಿ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೆಣ್ಣು ಹುಳುವಿನಲ್ಲಿ 20 ದೊಡ್ಡ ವರ್ಣತಂತು. ಗಂಡು ಹುಳುವಿನಲ್ಲಿ 19 ದೊಡ್ಡದು, ಒಂದು ಮಾತ್ರ ತೀರಾ ಚಿಕ್ಕದು. ಆ ಚಿಕ್ಕದೇ ಗಂಡಿಗೆ ಕಾರಣ ಅಂತ ಅವರು ತಿಳಿಸಿದರು. ನಾವು ಹಿಟ್ಟು ಜರಡಿ ಹಿಡಿದು ಹುಳ ಬಿಸಾಕುತ್ತೇವೆ. ಅವರು ಅದರಲ್ಲೇ ಇಷ್ಟು ದೊಡ್ಡ ವಿಷಯ ಕಂಡರು.

ಹಾಗಾದರೆ ತಪ್ಪು ಚಿಕ್ಕಪ್ಪನದಾ? ಅದೂ ಅಲ್ಲ. ಯಾವ ವೀರ್ಯಾಣು ಸೇರಬೇಕು ಅಂತ ತಂದೆ ಆರಿಸುವುದಿಲ್ಲ. ಅದು ನಾಣ್ಯ ಚಿಮ್ಮಿದ ಹಾಗೆ. ನಾವು ಇದನ್ನು ಆಡಿಯೇ ನೋಡಿದೆವು. ಚೌಕಾಬಾರದ ಹುಣಸೆ ಬೀಜ ಬೇಡ, ಅದು ಎರಡು ಪಕ್ಕವೂ ಒಂದೇ ಸಮ ಬೀಳಲ್ಲ. ಒಂದು ರೂಪಾಯಿ ನಾಣ್ಯ ಸಾಕು. ಒಂದು ಪಕ್ಕ ಹೆಣ್ಣು, ಇನ್ನೊಂದು ಪಕ್ಕ ಗಂಡು. ಒಬ್ಬೊಬ್ಬರು ಹತ್ತು ಸಲ ಚಿಮ್ಮಿದೆವು. ಒಬ್ಬನಿಗೆ ಹತ್ತರಲ್ಲಿ ಎಂಟು ಹೆಣ್ಣೇ ಬಂತು. ಇನ್ನೊಬ್ಬಳಿಗೆ ಏಳು ಗಂಡು. ಎಲ್ಲರದ್ದೂ ಕೂಡಿಸಿದಾಗ ಹತ್ತಿರ ಹತ್ತಿರ ಅರ್ಧಕ್ಕರ್ಧ ಆಯಿತು.

ಲೆಕ್ಕ ಹಾಕಿ. ಒಂದು ಸಲ ಹೆಣ್ಣು ಆಗುವ ಸಾಧ್ಯತೆ ಸುಮಾರು 2ರಲ್ಲಿ 1. ಎರಡೂ ಹೆಣ್ಣು ಆಗುವುದು 4ರಲ್ಲಿ 1. ಮೂರೂ ಹೆಣ್ಣು ಆಗುವುದು 8ರಲ್ಲಿ 1. ಅಂದರೆ ಮೂರು ಮಕ್ಕಳಿರುವ 80 ಮನೆ ನೋಡಿದರೆ ಸುಮಾರು 10 ಮನೆಯಲ್ಲಿ ಮೂರೂ ಹೆಣ್ಣೇ ಇರುತ್ತಾರೆ. ಇದು ಶಾಪವೂ ಅಲ್ಲ, ಹೊಟ್ಟೆಯ ದೋಷವೂ ಅಲ್ಲ. "ಮೂರು ಹೆಣ್ಣಾಯ್ತು, ನಾಲ್ಕನೇದು ಗಂಡೇ" ಅನ್ನುವುದೂ ಸರಿಯಲ್ಲ. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ನಾಲ್ಕನೇ ಸಲವೂ ಅರ್ಧಕ್ಕರ್ಧವೇ.

ನಾನು ಈ ಆಟವನ್ನು ಅಜ್ಜಿಗೂ ತೋರಿಸಿದೆ. ಅಜ್ಜಿ ನಾಣ್ಯ ಚಿಮ್ಮಿದರೆ ನಾಲ್ಕು ಸಲವೂ ಹೆಣ್ಣಿನ ಪಕ್ಕವೇ ಬಿತ್ತು! "ನಿನ್ ಕಾಸೇ ಸರಿ ಇಲ್ಲ ಕಣವ್ವ, ಬ್ಯಾರೆ ಕೊಡು" ಅಂದ್ರು. ಬೇರೆ ಕೊಟ್ಟೆ. ಗಂಡು, ಹೆಣ್ಣು, ಹೆಣ್ಣು, ಗಂಡು ಬಂತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ದ್ಯಾವ್ರು ಕೊಟ್ಟಿದ್ದು" ಅಂದ್ರು. "ಆಗ್ಲಿ ಅಜ್ಜಿ, ಹಂಗಿದ್ರೆ ಚಿಕ್ಕಮ್ಮನ್ನ ಬಯ್ಯೋದು ಯಾಕೆ?" ಅಂದೆ. ಅಜ್ಜಿ ಅದಕ್ಕೆ ಉತ್ತರ ಹೇಳಲಿಲ್ಲ. ಆದರೆ ಮಾರನೇ ದಿನ ಪಕ್ಕದ ಮನೆಯವರು ಬಂದಾಗ ನನ್ನನ್ನು ಕರೆದು "ಆ ಕಾಸಿನ ಆಟ ಇವ್ರಿಗೂ ತೋರ್ಸು" ಅಂದ್ರು.

ಒಂದು ಮಾತು ಎಲ್ಲರೂ ತಿಳಿದಿರಬೇಕು. ಹೊಟ್ಟೆಯಲ್ಲಿರುವ ಮಗು ಹೆಣ್ಣೋ ಗಂಡೋ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡಿ ಹೇಳುವುದು, ಕೇಳುವುದು ಎರಡೂ ಅಪರಾಧ. ಇದಕ್ಕೆ 1994ರಲ್ಲೇ ಕಾನೂನು ಆಗಿದೆ.

ಮೂರನೇ ಪಾಠ: ನಮ್ಮ ಮುದ್ದೆಯ ಹಿಂದಿನ ತಳಿಶಾಸ್ತ್ರ

ತಳಿಶಾಸ್ತ್ರ ಅಂದ್ರೆ ಹೊರದೇಶದವರದ್ದು ಅಂದುಕೊಳ್ಳಬೇಡಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ಡಾ. ಲಕ್ಷ್ಮಣಯ್ಯನವರನ್ನು ಜನ "ರಾಗಿ ಲಕ್ಷ್ಮಣಯ್ಯ" ಅಂತಲೇ ಕರೆಯುತ್ತಾರೆ. ರಾಗಿಯ ಹೂವು ಎಷ್ಟು ಚಿಕ್ಕದು ಅಂದ್ರೆ ಭೂತಗನ್ನಡಿ ಇಲ್ಲದೆ ಅದರ ಭಾಗಗಳು ಕಾಣುವುದಿಲ್ಲ. ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿವೆ. ನಾವು ನೋಡುವಷ್ಟರಲ್ಲಿ ಅದರ ಪರಾಗ ಅದಕ್ಕೇ ಬಿದ್ದಿರುತ್ತದೆ. ಮೆಂಡೆಲ್ ಬಟಾಣಿಯಲ್ಲಿ ಮಾಡಿದ್ದನ್ನು ರಾಗಿಯಲ್ಲಿ ಮಾಡುವುದು ಎಷ್ಟು ಕಷ್ಟ ಊಹಿಸಿ. ಅವರು ಅದನ್ನು ಸಾಧಿಸಿದರು. ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ತೆಗೆದರು. ಇಂಡಿಯಾದ "ಇಂಡ್", ಆಫ್ರಿಕಾದ "ಆಫ್" ಸೇರಿಸಿ ಅವಕ್ಕೆ "ಇಂಡಾಫ್" ಅಂತ ಹೆಸರಾಯಿತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಇಂಡಾಫ್ ರಾಗಿ ಬೆಳೆದವರು ನಮ್ಮೂರಲ್ಲೇ ಸಿಗುತ್ತಾರೆ.

ಹಳ್ಳಿ ಶಾಲೆಯವರಿಗೆ ಇದೆಲ್ಲ ಆಗುತ್ತಾ ಅನ್ನುವವರಿಗೆ ಇನ್ನೊಂದು ಉದಾಹರಣೆ. ಹರಗೋಬಿಂದ ಖೊರಾನಾ ಅವರು ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ರಾಯಪುರ ಎಂಬ ಸುಮಾರು 100 ಜನರ ಹಳ್ಳಿಯಲ್ಲಿ. ಅವರ ಮೊದಲ ಪಾಠಗಳು ನಡೆದದ್ದು ಮರದ ಕೆಳಗೆ. ವಂಶವಾಹಿಗಳಲ್ಲಿರುವ ಸಂಕೇತವನ್ನು ಓದುವ ಕೆಲಸಕ್ಕಾಗಿ 1968ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು. ನಾವೂ ಮರದ ಕೆಳಗೇ ಕೂರುತ್ತೇವೆ!

ಬಳಗ ನಡೆಸುವುದು ಹೇಗೆ?

ಪಕ್ಕದ ಊರಿನ ಶಾಲೆಯವರೂ ಕೇಳಿದ್ದಾರೆ, ಆದ್ದರಿಂದ ನಮ್ಮ ಪದ್ಧತಿ ಬರೆಯುತ್ತೇನೆ.

1. ಐದಾರು ಮಂದಿ ಇದ್ದರೆ ಸಾಕು. ಹೆಣ್ಣುಮಕ್ಕಳು ಗಂಡುಮಕ್ಕಳು ಇಬ್ಬರೂ ಇರಬೇಕು. ಒಬ್ಬರು ಗುರುಗಳನ್ನು ಕೇಳಿ ಒಪ್ಪಿಸಿಕೊಳ್ಳಬೇಕು.

2. ವಾರಕ್ಕೊಬ್ಬರು ಪಾಠ ಹೇಳಬೇಕು. ಹೇಳುವವರು ಗುರುವಾರವೇ ಮೇಡಂ ಹತ್ತಿರ ತೋರಿಸಿ ತಿದ್ದಿಸಿಕೊಳ್ಳಬೇಕು. ಹೈಸ್ಕೂಲಿನ ಅಕ್ಕ ಅಣ್ಣಂದಿರ ಹಳೇ ಪುಸ್ತಕ ಇಸಿದುಕೊಳ್ಳಬಹುದು.

3. ಪಾಠ ಹದಿನೈದು ನಿಮಿಷ. ಉಳಿದದ್ದು ಕೈಯಲ್ಲಿ ಮಾಡುವುದು. ದಾಸವಾಳ ಬಿಡಿಸುವುದು, ಚೀಟಿ ಎತ್ತುವುದು, ನಾಣ್ಯ ಚಿಮ್ಮುವುದು.

4. ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯಬಹುದು. ವಂಶವಾಹಿಗಳು ಆಗಿರುವುದು ಈ ವಸ್ತುವಿನಿಂದಲೇ. ಅರ್ಧ ಬಾಳೆಹಣ್ಣನ್ನು ಚೆನ್ನಾಗಿ ಹಿಸುಕಿ. ಅರ್ಧ ಲೋಟ ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ಶಾಂಪೂ ಹಾಕಿ ನೊರೆ ಬರದಂತೆ ಕಲಸಿ, ಹಣ್ಣಿಗೆ ಸೇರಿಸಿ. ಹತ್ತು ನಿಮಿಷ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಸೋಸಿದ ನೀರಿನ ಮೇಲೆ ತಣ್ಣಗಿರುವ ಸ್ಪಿರಿಟ್ಟನ್ನು ಲೋಟದ ಪಕ್ಕದಿಂದ ಮೆಲ್ಲಗೆ ಇಳಿಸಿ. ನಡುವೆ ಬಿಳಿ ಬಿಳಿ ನೂಲಿನಂತೆ ಮೇಲಕ್ಕೆ ಏಳುತ್ತದೆ. ಅದರಲ್ಲಿ ಬಾಳೆಯ ಡಿಎನ್‌ಎ ಇದೆ. ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುತ್ತದೆ. ಆದ್ದರಿಂದ ಗುರುಗಳು ಎದುರಿಗೆ ಇದ್ದಾಗ ಮಾತ್ರ ಮಾಡಬೇಕು. ಬಾಯಿಗೆ ಹಾಕಬಾರದು.

5. ಒಂದು ಪ್ರಶ್ನೆ ಡಬ್ಬ ಇಡಬೇಕು. ಕೇಳಲು ನಾಚಿಕೆ ಆಗುವ ಪ್ರಶ್ನೆಯನ್ನು ಹೆಸರಿಲ್ಲದೆ ಬರೆದು ಹಾಕಬಹುದು. ಉತ್ತರ ಮೇಡಂ ಹೇಳುತ್ತಾರೆ.

6. ಯಾರ ಬಣ್ಣ, ಎತ್ತರ, ಕಾಯಿಲೆ ಹಿಡಿದು ನಗಬಾರದು. "ನಿನ್ನ ಕಿವಿ ನಿಮ್ಮಪ್ಪನ ಹಾಗಿಲ್ಲವಲ್ಲ" ಅಂತ ಯಾರನ್ನೂ ಕೇಳಬಾರದು. ಬಟಾಣಿಯ ಹಾಗೆ ಒಂದೇ ಜೊತೆ ವಂಶವಾಹಿಯಿಂದ ಮನುಷ್ಯರ ಎಲ್ಲ ಗುಣ ಬರುವುದಿಲ್ಲ. ಎತ್ತರಕ್ಕೆ ಬಹಳ ವಂಶವಾಹಿಗಳು ಸೇರುತ್ತವೆ, ತಿನ್ನುವ ಊಟವೂ ಸೇರುತ್ತದೆ. ನಾಲಿಗೆ ಕೊಳವೆಯಂತೆ ಮಡಚಲು ಬರುವುದು ಒಂದೇ ವಂಶವಾಹಿಯಿಂದ ಅಂತ 1940ರಲ್ಲಿ ಒಬ್ಬ ವಿಜ್ಞಾನಿ ಬರೆದಿದ್ದರು. 1952ರಲ್ಲಿ 33 ಜೊತೆ ತದ್ರೂಪಿ ಅವಳಿಗಳನ್ನು ನೋಡಿದಾಗ 7 ಜೊತೆಯಲ್ಲಿ ಒಬ್ಬರಿಗೆ ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆದ್ದರಿಂದ ನಾಲಿಗೆ ನೋಡಿ ಯಾರ ಮಗ ಅಂತ ಹೇಳುವ ಆಟ ನಮ್ಮ ಬಳಗದಲ್ಲಿ ಇಲ್ಲ.

7. ಕಲಿತದ್ದನ್ನು ಶಾಲೆಯ ಒಳಗೇ ಇಟ್ಟುಕೊಳ್ಳಬಾರದು. ಬರುವ ತಿಂಗಳು ಅಂಗನವಾಡಿಯಲ್ಲಿ ಸ್ತ್ರೀಶಕ್ತಿ ಸಂಘದ ಸಭೆ ಇರುವ ದಿನ ನಾಣ್ಯದ ಪಾಠ ಮಾಡಲು ಮೇಡಂ ಒಪ್ಪಿಗೆ ಕೇಳಿದ್ದಾರೆ. ಗಂಡಸರು ಸೇರುವ ಹಾಲಿನ ಡೇರಿ ಮುಂದೆಯೂ ಮಾಡಬೇಕು ಅಂತ ನನ್ನ ಸಲಹೆ. ಅವರೂ ಕೇಳಬೇಕಾದ ಪಾಠ ಇದು.

ಖರ್ಚು ಬಹಳ ಇಲ್ಲ. ಭೂತಗನ್ನಡಿ ಶಾಲೆಯದು. ನಾಣ್ಯ, ಚೀಟಿ, ಹೂವು ನಮ್ಮದೇ. ಬಾಳೆಹಣ್ಣನ್ನು ಒಬ್ಬ ಗೆಳೆಯ ತೋಟದಿಂದ ತಂದ. ಉಳಿದರ್ಧ ತಿಂದವನೂ ಅವನೇ.

ಆರನೇ ತರಗತಿಯವರೂ ಸೇರಬಹುದು. ಬಳಗಕ್ಕೆ ಇನ್ನೂ ಹೆಸರಿಟ್ಟಿಲ್ಲ. ಒಳ್ಳೇ ಹೆಸರು ಹೊಳೆದರೆ ಪ್ರಶ್ನೆ ಡಬ್ಬಕ್ಕೆ ಹಾಕಿ. ಅದರ ಜೊತೆ ಈ ಪ್ರಶ್ನೆಗಳಿಗೂ ಉತ್ತರ ಬರೆದು ಹಾಕಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ಪ್ರಶ್ನೆ 1: ಒಂದು ಮನೆಯಲ್ಲಿ ಇಬ್ಬರೂ ಗಂಡುಮಕ್ಕಳು. ಮೂರನೇ ಮಗು ಹೆಣ್ಣಾಗುವ ಸಾಧ್ಯತೆ ಎಷ್ಟು?

ಪ್ರಶ್ನೆ 2: "ಗು, ಸು" ಇರುವ ಬಟಾಣಿ ಗಿಡಕ್ಕೂ "ಸು, ಸು" ಇರುವ ಗಿಡಕ್ಕೂ ಕೂಡಿಸಿದರೆ 100 ಬೀಜದಲ್ಲಿ ಸುಮಾರು ಎಷ್ಟು ಸುಕ್ಕಾಗಿರುತ್ತವೆ? (ಚೀಟಿ ಎತ್ತಿ ನೋಡಿ.)

ಪ್ರಶ್ನೆ 3: ನನ್ನಲ್ಲಿರುವ ಎರಡು ಎಕ್ಸ್‌ಗಳಲ್ಲಿ ಒಂದು ಅಪ್ಪನಿಂದ ಬಂದದ್ದು. ಅಪ್ಪನಿಗೆ ಆ ಎಕ್ಸ್ ಯಾರಿಂದ ಬಂತು? (ಸುಳಿವು: ಕಾಸು ಚಿಮ್ಮಿದವರು!)

ಇಂತಿ,
ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಬಳಗದ ಪರವಾಗಿ